ಮೇಷ್ಟ್ರ ಹೆಸರೊಂದು ಬಿಟ್ಟು

ಬನಶಂಕರಿಯ ಸಂಜೀವಯ್ಯ ಮೇಷ್ಟ್ರಿಗೆ ಅವತ್ತು ಬೆಳಗಿನಿಂದಲೇ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ಹೇಳಿ ನಿವೃತ್ತರಾದವರು. ಆಮೇಲೆ ಯಾರೂ ಕ್ಯಾರೇ ಅಂದಿರಲಿಲ್ಲ. ಈಗ ಹಳೆಯ ವಿದ್ಯಾರ್ಥಿಗಳ ಸಂಘದವರು ಕರೆದಿದ್ದರು. ಉದ್ಯಮದಲ್ಲಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಜಯನಗರದಲ್ಲಿ ಸನ್ಮಾನ. ಅವರಲ್ಲಿ ಮೊದಲನೆಯವಳೇ ಪದ್ಮಶ್ರೀ, ಮೇಷ್ಟ್ರ ಶಿಷ್ಯೆ. ಅವಳ ಕಂಪನಿಯ ದೋಸೆ ಹಿಟ್ಟು ವಿಲ್ಸನ್ ಗಾರ್ಡನ್‌ನಿಂದ ವಸಂತಪುರದವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

“ನೋಡ್ತಿರು, ಮೈಕಲ್ಲಿ ನನ್ನ ಹೆಸರು ಹೇಳೇ ಹೇಳ್ತಾಳೆ,” ಎಂದರು ಹೆಂಡತಿ ಚೂಡಾಮಣಿಗೆ.

“ಹೇಳ್ಲಿ ಬಿಡ್ರೀ. ಪಾರ್ಕಲ್ಲಿ ಎಲ್ಲರ ಹತ್ರಾನೂ ಡಂಗುರ ಸಾರಿ ಬಂದಿದೀರಲ್ಲ, ಅದಕ್ಕಾದ್ರೂ ಹೇಳ್ಲಿ.”

ಆಕೆಯ ಬಾಯಿ ಜೋರು. ಗಂಡನ ಬಿಳಿ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಮಾಡಿಕೊಟ್ಟವಳೂ ಆಕೆಯೇ ಅನ್ನಿ.

ಪದ್ಮಶ್ರೀ ಚೆನ್ನಾಗಿಯೇ ಮಾತಾಡಿದಳು. ಅಮ್ಮನ ಹೆಸರು ಬಂತು, ಗ್ರೈಂಡರ್ ಕೊಡಿಸಿದ ಚಿಕ್ಕಪ್ಪನ ಹೆಸರು ಬಂತು, ಕಡೆಗೆ ಕ್ಯಾಂಟೀನಿನ ಪಿಳ್ಳಣ್ಣನ ಹೆಸರೂ ಬಂತು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕತ್ತು ಉದ್ದ ಮಾಡಿಕೊಂಡು ಕೂತೇ ಇದ್ದರು. ಅವಳು ಎಲ್ಲರಿಗೂ ನಮಸ್ಕಾರ ಹೇಳಿ ಇಳಿದುಬಿಟ್ಟಳು. ಅಯ್ಯೋ ಪಾಪ, ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. ಪಾರ್ಕಿನವರಿಗೆ ಏನು ಹೇಳುವುದು, ಚೂಡಾಮಣಿಗೆ ಏನು ಹೇಳುವುದು?

ಊಟದ ಹೊತ್ತಿಗೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದವರನ್ನು ಅವಳೇ ಹುಡುಕಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದಳು.

“ಸಾರ್, ನಿಮ್ಮ ಹೆಸರು ಹೇಳ್ಲಿಲ್ಲ ಅಂತ ಬೇಜಾರಾ?”

“ಛೆ ಛೆ, ಅಂಥದ್ದೇನಿಲ್ಲಮ್ಮ,” ಎಂದರು. ಹಸಿ ಸುಳ್ಳು.

“ಬೇಕಂತಲೇ ಬಿಟ್ಟೆ ಸಾರ್. ಈ ಕಂಪನಿ ಶುರು ಮಾಡ್ಲಾ ಅಂತ ನಿಮ್ಮನ್ನೇ ಮೊದಲು ಕೇಳಿದ್ದು. ‘ಮನೆಮನೇಲೂ ರುಬ್ಬೋ ಹಿಟ್ಟನ್ನ ದುಡ್ಡು ಕೊಟ್ಟು ಯಾರಮ್ಮ ತಗೋತಾರೆ? ತೆಪ್ಪಗೆ ಬ್ಯಾಂಕ್ ಪರೀಕ್ಷೆ ಬರಿ’ ಅಂದ್ರಿ. ನಿಮ್ಮ ಹೆಸರು ತೆಗೆದ್ರೆ ಅದು ಬಾಯಿಗೆ ಬಂದೇ ಬರ್ತಿತ್ತು. ಅಷ್ಟು ಜನಾನೂ ನಿಮ್ಮನ್ನ ನೋಡಿ ನಗ್ತಿದ್ರು. ನನ್ನ ಮೇಷ್ಟ್ರನ್ನ ನೋಡಿ ಯಾರೂ ನಗ್ಬಾರ್ದು ಸಾರ್.”

ಮೇಷ್ಟ್ರಿಗೆ ನೆನಪಾಯಿತು. ಹೌದು, ಹಾಗೇ ಹೇಳಿದ್ದರು. ಅದೂ ಅರ್ಥಶಾಸ್ತ್ರ ಅರೆದು ಕುಡಿದವರ ಗತ್ತಿನಲ್ಲಿ. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

“ಹೇಳ್ಬೇಕಿತ್ತು ಕಣಮ್ಮ,” ಎಂದರು. “ನಗೋರು ನಗ್ಲಿ. ಹೆಸರಾದ್ರೂ ಬರ್ತಿತ್ತಲ್ಲ.”