ಬೇಕರಿಯವನ ಬಲಗಾಲು

ಬೂಟು ಹೊಲಿಯುವವನ ಹೆಂಡತಿ ಮೇಲಿನ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೆಗಲ ಮೇಲೊಂದು ಗೋಣಿಚೀಲ ಹೊತ್ತು. ಗಂಡನಿಗೆ ಎರಡು ವರ್ಷ ಜೈಲಾಗಿತ್ತು. ನಾಲ್ಕು ತಿಂಗಳು ಕಳೆದಿದ್ದವು. ಶಿಕ್ಷೆ ಇಳಿದರೆ ಇವತ್ತೇ ಮನೆಗೆ ಬರುತ್ತಾನೆ, ಇಲ್ಲವಾದರೆ ಇಲ್ಲ.

ಹೊಡೆದದ್ದು ನಿಜ. ಹೊಸ ಬೂಟು ಬಿಗಿಯೆಂದು ಬೇಕರಿಯವ ರೇಗಿದ, ನಿನ್ನ ಕಾಲೇ ಉಬ್ಬಿದೆಯೆಂದು ಇವನು ರೇಗಿದ. ಮಾತಿಗೆ ಮಾತು ಬೆಳೆದು, ಬೂಟು ಹೊಲಿಯಲು ಅಳತೆಗಿಟ್ಟ ಮರದ ಪಾದದಚ್ಚು ಕೈಗೆ ಸಿಕ್ಕಿ, ಅದರಿಂದಲೇ ಬೇಕರಿಯವನ ಹಣೆಗೊಂದು ಬಿಟ್ಟ. ಮೂರು ಹೊಲಿಗೆ ಬಿತ್ತು. ಗ್ರಹಚಾರಕ್ಕೆ ಆ ಅಚ್ಚಿನ ಮೇಲೆ ‘ಬೇಕರಿಯವ’ ಎಂದು ಬರೆದಿತ್ತು. ಯಾರಿಗೆ ಹೊಡೆಯಬೇಕೆಂದು ಆಯುಧದ ಮೇಲೇ ಬರೆದಿಟ್ಟುಕೊಂಡ ಸಂಚುಗಾರನೆಂದು ಕೆಳಗಿನ ಕೋರ್ಟು ನಂಬಿಬಿಟ್ಟಿತು. ಕೈಮಾಡಿದ ನಾಚಿಕೆಯಲ್ಲಿ ಗಂಡ ತನ್ನ ಪರವಾಗಿ ವಾದಿಸಲೇ ಇಲ್ಲ.

“ಬರ್ದಿದ್ದು ನಾನು ತಾಯಿ,” ಎಂದಳು ಅವಳು, ನ್ಯಾಯಾಧೀಶೆ ಮಾತಾಡಲು ಬಿಟ್ಟೊಡನೆ. “ಗಿರಾಕಿಗೊಂದು ಅಚ್ಚು. ಗುರುತು ಬರೀದಿದ್ರೆ ಟೀಚರಮ್ಮನ ಬೂಟು ಪೈಲ್ವಾನನಿಗೆ ಹೋಗುತ್ತೆ.”

ಚೀಲವನ್ನು ಬೋರಲು ಹಾಕಿದಳು. ದಡದಡನೆ ಮರದ ಕಾಲುಗಳು ಉರುಳಿದವು: ಟೀಚರಮ್ಮ, ಪೈಲ್ವಾನ, ಹಲ್ಲಿನ ಡಾಕ್ಟ್ರು, ಚಿಕ್ಕತ್ತೆ.

“ಇಷ್ಟು ಜನಕ್ಕೂ ಹೊಡಿಯೋಕೆ ಹೊರಟಿದ್ರೆ ನಮ್ಮನೆಯವ್ರಿಗೆ ಊಟಕ್ಕೂ ಪುರುಸೊತ್ತಿರ್ತಿರ್ಲಿಲ್ಲ!”

ಒಂದು ಅಚ್ಚು ಉರುಳುತ್ತಾ ಹೋಗಿ ಸರ್ಕಾರಿ ವಕೀಲರ ಬೂಟಿಗೆ ತಾಗಿ ನಿಂತಿತು. ಅವರು ಮೆಲ್ಲಗೆ ಮೇಜಿನಡಿ ತಳ್ಳಹೊರಟರು.

“ಅದರ ಮೇಲೇನಿದೆ? ಓದಿ,” ಎಂದರು ನ್ಯಾಯಾಧೀಶೆ.

ವಕೀಲರು ಅಚ್ಚನ್ನೆತ್ತಿ ಕಣ್ಣಿಗೆ ಹಿಡಿದರು. “‘ಸರ್ಕಾರಿ ವಕೀಲ. ಎಡಗಾಲು ದಪ್ಪ.’”

ಕೋರ್ಟೆಲ್ಲ ಗೊಳ್ಳೆಂದಿತು. ಬರೆದುಕೊಳ್ಳುವ ಗುಮಾಸ್ತೆಯ ಪೆನ್ನು ಕೈಜಾರಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬೇಕರಿಯವ ಚಪ್ಪಲಿ ಎಳೆದಾಡುತ್ತಾ ಎದ್ದ.

“ಅಮ್ಮಾ, ನಾಲ್ಕು ತಿಂಗಳಿಂದ ಚಪ್ಪಲೀಲಿ ನಿಂತು ಬ್ರೆಡ್ ಸುಡ್ತಿದ್ದೀನಿ. ಬೇರೆ ಯಾರ ಬೂಟೂ ಈ ಕಾಲಿಗೆ ಒಗ್ಗಲ್ಲ. ಅವನನ್ನೂ ಬಿಡಿ, ನನ್ನ ಅಚ್ಚನ್ನೂ ಬಿಡಿ!”

ನ್ಯಾಯಾಧೀಶೆ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. ನಗುವೂ ಅದರಲ್ಲೇ ಹೋಯಿತು. “ಹೊಡೆದಿದ್ದು ತಪ್ಪೇ. ಆದರೆ ಸಂಚು ಇರ್ಲಿಲ್ಲ. ಎರಡು ವರ್ಷ ವಿಪರೀತವಾಯ್ತು. ನಾಲ್ಕು ತಿಂಗಳು ಸಾಕು.”

ಸಂಜೆ ಜೈಲಿನ ಬಾಗಿಲು ತೆರೆದಾಗ ಹೆಂಡತಿಗಿಂತ ಮುಂದೆ ನಿಂತಿದ್ದವನು ಬೇಕರಿಯವ, ಬಲಗಾಲು ಚಾಚಿಕೊಂಡು, ಕೋರ್ಟು ಮರಳಿಸಿದ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡು. ಗಂಡ ಅಚ್ಚನ್ನು ಇಸಿದುಕೊಂಡು ಕೂತು ಆ ಚಾಚಿದ ಪಾದವನ್ನು ಎರಡೂ ಕಡೆ ಒತ್ತಿ ನೋಡಿದ. ಮುಖ ಅರಳಿತು.

“ನಾನು ಹೇಳಿರ್ಲಿಲ್ವಾ? ಉಬ್ಬಿರೋದು ನಿನ್ನ—”

“ಏನಂದೆ?” ಎಂದ ಬೇಕರಿಯವ.

ಹೆಂಡತಿ ಗಂಡನ ಕೈಯಿಂದ ಅಚ್ಚನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡಳು.

“ಮಾತೆಲ್ಲ ಮುಗೀಲಿ,” ಎಂದಳು. “ಅಲ್ಲೀವರ್ಗೂ ಇದು ನನ್ನ ಹತ್ರಾನೇ ಇರುತ್ತೆ.”