ಸಿಪ್ಪೆಯ ತೂಕ

ಹೆಣದ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದ ಬಚ್ಚಪ್ಪ ಗಂಟು ಬಿಗಿಯದೆ ತಲೆಯೆತ್ತಿದ. "ಎಲ್ಲಾ ಮನೆಯೋರೂ ಅಕ್ಕಿ ಆಕಿದ್ರಾ?"

ಸತ್ತವನು ಅವನ ತಮ್ಮ ಕದಿರಪ್ಪ. ಬಂಗಾರಪೇಟೆಯ ಮಗ್ಗುಲಿನ ಆ ಹಳ್ಳಿಯಲ್ಲಿ ಹೆಣ ಎತ್ತುವ ಮುಂಚೆ ಬೀದಿಯ ಪ್ರತಿ ಮನೆಯಿಂದ ಒಬ್ಬರು ಬಂದು ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಬೇಕು. ಬಾರದ ಮನೆಯವರ ಮುನಿಸನ್ನು ಸತ್ತವನು ಹೊತ್ತುಕೊಂಡೇ ಹೋಗುತ್ತಾನೆ ಎನ್ನುತ್ತಾರೆ.

"ಎದುರುಮನೆ ಬರ್ನಿಲ್ಲ ಭಾವ," ಎಂದಳು ಕದಿರಪ್ಪನ ಹೆಂಡತಿ ಸೊಣ್ಣಮ್ಮ.

"ಚಿಕ್ಕಮುನಿಯಮ್ಮನಾ? ಎಂಟು ವರ್ಸದಿಂದ ನಮ್ಮ ಬಾವಿ ನೀರು ಮುಟ್ದೋಳಲ್ಲ, ಇವತ್ತು ಬತ್ತಾಳಾ? ಬಿಡಮ್ಮ, ಒತ್ತಾಯ್ತದೆ."

"ಎಂಗ್ ಬಿಡ್ಲಿ? ಕೊಂದೋನು ಅನ್ನಿಸ್ಕೊಂಡೇ ಓಗ್ಬೇಕಾ ಇವ್ರು?"

ಬಾಗಿಲಲ್ಲಿ ನಿಂತಿದ್ದ ಮಗಳು ಅನಸೂಯ ಸೆರಗಿನಿಂದ ಮುಖ ಒರೆಸಿಕೊಂಡಳು. ಕೋಲಾರದಲ್ಲಿ ಪಿಯುಸಿ ಓದುವ ಹುಡುಗಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದವಳು. "ನಾನು ಕರ್ಕೊಂಡ್ ಬತ್ತೀನಿ," ಎಂದು ಬೀದಿಗೆ ಇಳಿದಳು.

*

ಕದಿರಪ್ಪ ದಿನವೂ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಯಿದ್ದ ಊರಿಗಾಂಗೆ ಹೋಗುತ್ತಿದ್ದ. ಗಣಿಯವರು ಚಿನ್ನ ತೆಗೆದು ಎಸೆದ ಮರಳಿನಲ್ಲಿ ಉಳಿದಷ್ಟನ್ನು ಸೈನೈಡ್ ನೀರಿನಿಂದ ತೊಳೆದು ತೆಗೆಯಲು ಒಬ್ಬ ಕಂತ್ರಾಟುದಾರ ಅಲ್ಲಿ ಶೆಡ್ಡು ಹಾಕಿದ್ದ. ಆ ನೀರಿಗೆ ತಕ್ಕಷ್ಟು ಬಟ್ಟೆ ಒಗೆಯುವ ಸೋಡಾ ಬೀಳದಿದ್ದರೆ ವಿಷ ಆವಿಯಾಗಿ ಮೇಲೇಳುತ್ತದೆ. ಸೋಡಾ ತೂಗುವವನು ಕದಿರಪ್ಪ. ತೊಟ್ಟಿಯ ಕೆಲಸಕ್ಕೆ ಎದುರುಮನೆಯ ಮುನಿಶಾಮಿಯನ್ನು ಸೇರಿಸಿದವನೂ ಅವನೇ.

ಎಂಟು ವರ್ಷದ ಹಿಂದೆ ಒಂದು ದಿನ ಮುನಿಶಾಮಿ ತೊಟ್ಟಿಯ ಅಂಚಿನಲ್ಲೇ ಬಿದ್ದು ಸತ್ತ. ನೀರು ಪರೀಕ್ಷಿಸಿದರೆ ಸೋಡಾ ಕಮ್ಮಿ! ಮೇಲಿನವರ ತಪ್ಪು ಕೆಳಗಿನವರ ತಲೆಗೆ ಬರುವುದು ಹೊಸದೇನಲ್ಲವಲ್ಲ. ತೂಗಿದವನ ಕೈಯೇ ತಪ್ಪಿತು ಎಂದು ಬರೆದು ಕದಿರಪ್ಪನನ್ನು ಮನೆಗೆ ಕಳಿಸಿದರು. ಎಷ್ಟು ತೂಗಬೇಕೆಂದು ಚೀಟಿ ಬರೆದ ಕೆಮಿಸ್ಟು ಮರುತಿಂಗಳೇ ಬೇರೆ ಊರು ಸೇರಿಕೊಂಡ.

"ಚೀಟೀಲಿ ಐವತ್ಮೂರು ಪೌಂಡು ಅಂತಿತ್ತು. ಐವತ್ಮೂರೇ ತೂಗ್ದೆ," ಎಂದು ಕದಿರಪ್ಪ ಸಾವಿರ ಸಲ ಹೇಳಿದ್ದಾನೆ. "ಅವತ್ತಿನ ಸೋಡಾ ಕಲ್ಲುಸಕ್ಕರೆ ಅಂಗೆ ಅರಳರಳಾಗಿತ್ತು. ಮುಂಚೆ ಬೂದಿ ಅಂಗೆ ಬರ್ತಿತ್ತು." ಕೊನೆಕೊನೆಗೆ ಅವನಿಗೇ ಅನುಮಾನ ಹತ್ತಿತು. ಅಂಗಡಿಯಿಂದ ಬೆಲ್ಲ ತಂದರೂ ಕೈಯಲ್ಲಿ ಮೂರು ಸಲ ತೂಗಿ ನೋಡುವನು. "ನನ್ನ ಕಣ್ಣೇ ತಕ್ಕಡಿ ಮುಳ್ಳು ತಪ್ಪಾಗಿ ನೋಡ್ತೇನೋ ಮಗಾ," ಎನ್ನುವನು.

*

ಚಿಕ್ಕಮುನಿಯಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ತಮಟೆ ಬಡಿಯುತ್ತಿದ್ದರೂ ಕೈ ನಿಂತಿರಲಿಲ್ಲ.

"ಅತ್ತೆ, ಬಂದು ಅಕ್ಕಿ ಆಕು."

"ನನ್ನ ಗಂಡನ ಬಾಯಿಗೆ ಮಣ್ಣಾಕ್ದೋನಿಗೆ ನಾನು ಅಕ್ಕಿ ಆಕ್ಬೇಕಾ? ಓಗಮ್ಮ."

ಅನಸೂಯ ಹೋಗಲಿಲ್ಲ, ಮೊರದ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಈ ಹೆಂಗಸಿಗೆ ಕಾಲೇಜಿನ ಮೋಲ್ ಲೆಕ್ಕ ಏನು ತಿಳಿದೀತು?

*

ಒಂದು ತಿಂಗಳ ಹಿಂದೆ ಕೆಮಿಸ್ಟ್ರಿ ಮೇಷ್ಟರು ಬೋರ್ಡಿನ ಮೇಲೆ ಬರೆದಿದ್ದರು. ಅಣುಗಳನ್ನು ಬೆರಳು ಮಡಚಿ ಎಣಿಸಲಾಗದು, ಅದಕ್ಕೇ ತೂಗಿ ಎಣಿಸುತ್ತೇವೆ. ಒಂದು ಮೋಲ್ ಎಂದರೆ ಯಾವ ವಸ್ತುವಿನಲ್ಲೂ ಅಷ್ಟೇ ಎಣಿಕೆ; ತೂಕ ಮಾತ್ರ ಬೇರೆ ಬೇರೆ. ಸೋಡಾ ಪುಡಿಯಾದರೆ ನೂರ ಆರು ಗ್ರಾಂ. ಹರಳಾಗಿದ್ದರೆ ಒಂದೊಂದು ಸೋಡಾ ಅಣುವಿಗೂ ಹತ್ತು ನೀರಿನ ಅಣು ಅಂಟಿಕೊಂಡಿರುತ್ತವೆ. ಆಗ ಇನ್ನೂರ ಎಂಬತ್ತಾರು.

ಹರಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅನಸೂಯಳಿಗೆ ಅಪ್ಪನ ಕಲ್ಲುಸಕ್ಕರೆಯ ಮಾತು ನೆನಪಾಯಿತು. ಪುಡಿಯಲ್ಲಿ ಐವತ್ತಮೂರು ಪೌಂಡು ಎಂದರೆ ಹರಳಿನಲ್ಲಿ ನೂರ ನಲವತ್ತಮೂರು. ಹಾಳೆಯ ಅಂಚಿನಲ್ಲಿ ಎರಡು ಸಲ ಲೆಕ್ಕ ಮಾಡಿದಳು. ಅಪ್ಪ ಸರಿಯಾಗೇ ತೂಗಿದ್ದ. ಡಬ್ಬದಲ್ಲಿ ಬಂದದ್ದು ಏನೆಂದು ನೋಡದೆ ಚೀಟಿ ಬರೆದವನು ತಪ್ಪಿದ್ದ.

*

"ಅತ್ತೆ, ಮೂರು ಸೇರು ಕಾಯಿ ಸುಲಿದ್ರೆ ಕಾಳು ಎಷ್ಟು ಬತ್ತದೆ?"

"ಒಂದು ಸೇರು ಬಂದ್ರೆ ಎಚ್ಚು. ಅದ್ಯಾಕೆ ಈಗ?"

"ಒಂದು ಸೇರು ಕಾಳು ಬೇಕಿರೋ ಅಡುಗೆ. ಸಾಹೇಬ ಚೀಟೀಲಿ ಒಂದು ಸೇರು ಅಂತ ಬರೆದ. ಆದ್ರೆ ತೂಗೋನ ಮುಂದೆ ತಂದು ಸುರಿದಿದ್ದು ಕಾಯಿ. ಅವನು ಒಂದು ಸೇರೇ ತೂಗಿ ಆಕ್ದ. ಗಡಿಗೇಲಿ ಕಾಳು ಸಾಕಾಗ್ತದಾ?"

"ಎಲ್ಲಿ ಸಾಕಾಗ್ತದೆ? ಮೂರರಲ್ಲಿ ಒಂದು ಪಾಲು..." ಚಿಕ್ಕಮುನಿಯಮ್ಮನ ಕೈ ನಿಂತಿತು.

"ಅವತ್ತಿನ ಸೋಡಾ ಅಂಗೇ ಇತ್ತು ಅತ್ತೆ. ಒಳಗೆ ನೀರಿತ್ತು, ಸಿಪ್ಪೆ ಇದ್ದಂಗೆ. ಅದೂ ತೂಕಕ್ಕೆ ಬಂತು. ಅಪ್ಪಂದು ತಪ್ಪಿಲ್ಲ."

ಚಿಕ್ಕಮುನಿಯಮ್ಮ ಸುಲಿದ ಕಾಳನ್ನೂ ಸಿಪ್ಪೆಯ ರಾಶಿಯನ್ನೂ ನೋಡಿದಳು. ಮೂವತ್ತು ವರ್ಷ ಅವರೆಕಾಯಿ ಮಾರಿದ ಹೆಂಗಸಿಗೆ ಇದನ್ನು ಎರಡನೇ ಸಲ ಹೇಳಬೇಕಿರಲಿಲ್ಲ.

"ನಿಮ್ಮಪ್ಪಂಗೆ ಏಳಿದ್ಯಾ ಇದನ್ನ?"

ಅನಸೂಯ ನೆಲ ನೋಡಿದಳು. "ಸಂಕ್ರಾಂತಿಗೆ ಬಂದಾಗ ಎದುರಿಗೆ ಕೂತ್ಕೊಂಡು ಏಳೋಣ ಅಂತಿದ್ದೆ." ಹಬ್ಬಕ್ಕೆ ಇನ್ನೂ ಐದು ದಿನವಿತ್ತು.

"ಅಯ್ಯೋ ಪಾಪಿ! ಒಂದು ಕಾಗದ ಬರೀಬಾರ್ದಾಗಿತ್ತೇನೇ?"

ಅನಸೂಯ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಚಿಕ್ಕಮುನಿಯಮ್ಮ ಅವಳನ್ನು ಸಂತೈಸಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದು, ಎಂಟು ವರ್ಷ ದಾಟದ ಬೀದಿ ದಾಟಿದಳು.

ಚಟ್ಟ ಸಿದ್ಧವಾಗಿತ್ತು. ಅವಳನ್ನು ಕಂಡು ಸೊಣ್ಣಮ್ಮ ಎದ್ದು ನಿಂತಳು, ಜನ ದಾರಿ ಬಿಟ್ಟರು. ಬಚ್ಚಪ್ಪ ಹೆಣದ ಮುಖದ ಬಟ್ಟೆ ಸರಿಸಿ, "ಬೇಗ ಆಕಮ್ಮ," ಎಂದ.

ಅವಳು ಅಕ್ಕಿ ಹಾಕಲಿಲ್ಲ. ತಮಟೆಯವರ ಕಡೆಗೆ ಕೈಯೆತ್ತಿ, ನಿಲ್ಲಿಸಿ ಎಂದು ಸನ್ನೆ ಮಾಡಿದಳು. ಸದ್ದು ನಿಂತಿತು. ಮಂಡಿಯೂರಿ ಕೂತು, ಹತ್ತಿ ತುರುಕಿದ್ದ ಅವನ ಕಿವಿಯ ಹತ್ತಿರಕ್ಕೆ ಬಾಯಿ ತಂದಳು.

"ಕದಿರಣ್ಣಾ, ಅದು ಕಾಳಲ್ಲ ಕಣಣ್ಣ, ಕಾಯಿ," ಎಂದು ಮೊದಲಿನಿಂದ ಹೇಳತೊಡಗಿದಳು. ಮುಷ್ಟಿಯ ಅಕ್ಕಿ ಬೆರಳ ಸಂದಿಯಿಂದ ಅವನ ಎದೆಯ ಮೇಲೆ ಉದುರುತ್ತಲೇ ಇತ್ತು.