ಅರಬ್ಬೀ ತಳದ ಕೆಂಪು ಕಲೆ

ಗಾಂಧಿ ಚೌಕದಲ್ಲಿ ಶಂಕ್ರೆಪ್ಪನ ಬಟ್ಟೆ ಅಂಗಡಿಯ ಮೇಲಿನ ಕೋಣೆಯೇ ಆಮ್ರಪಾಲಿ ಮತ್ತು ಸಂಗುವಿನ ಕಚೇರಿ. ಸಂಗು ಶಂಕ್ರೆಪ್ಪನ ಮಗ, ಆಮ್ರಪಾಲಿಯ ಸಹಪಾಠಿ. ಅರಬ್ಬೀ ಸಮುದ್ರದಲ್ಲಿ ಹಡಗೊಂದು ವಿದ್ಯುತ್ಕಾಂತೀಯ ಅಲೆಗಳನ್ನು ಬಿಟ್ಟು ಅಳೆದದ್ದೆಲ್ಲ ಇಲ್ಲಿಗೆ ಬರುತ್ತಿತ್ತು. ತಳದ ಕೆಳಗಿನ ಯಾವ ಪದರ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂದು ಇವರು ಚಿತ್ರ ಬಿಡಿಸಬೇಕು. ಇಡೀ ಸಮುದ್ರವನ್ನು ಒಟ್ಟಿಗೆ ಲೆಕ್ಕಹಾಕಲು ಕಂಪ್ಯೂಟರಿಗೆ ವಾರಗಳೇ ಹಿಡಿಯುತ್ತಿದ್ದವು. ಸಮುದ್ರದ ತಳಕ್ಕೆ ಇಳಿಬಿಟ್ಟ ಪ್ರತಿ ಅಳತೆ ಉಪಕರಣದ ಸುತ್ತಲಿನಷ್ಟನ್ನೇ ಲೆಕ್ಕಹಾಕಿ, ಆಮೇಲೆ ಜೋಡಿಸುವ ದಾರಿಯನ್ನು ಆಮ್ರಪಾಲಿ ಕಂಡುಕೊಂಡ ಮೇಲೆ ಅದು ಒಂದು ಹಗಲಿನ ಕೆಲಸವಾಯಿತು.

ಆ ಮಧ್ಯಾಹ್ನ ಮೂಡಿದ ಚಿತ್ರವನ್ನು ಅವಳು ಎರಡು ಸಲ ಹಿಗ್ಗಿಸಿ ನೋಡಿದಳು. ಹಡಗಿನವರು ತೈಲಕ್ಕಾಗಿ ಕೊರೆಯಲಿರುವ ಜಾಗದಲ್ಲಿಯೇ, ತಳಕ್ಕೆ ತೀರಾ ಹತ್ತಿರ ಒಂದು ಕೆಂಪು ಕಲೆ. ವಿದ್ಯುತ್ತನ್ನು ಬಹಳ ತಡೆಯುವ ಪದರದ ಬಣ್ಣ ಅದು: ಒತ್ತಡದಲ್ಲಿ ಸಿಕ್ಕ ಅನಿಲ. ಕೊರೆದರೆ ಸಿಡಿಯುತ್ತದೆ.

"ಸಂಗು, ಕೊರಿಯೋದು ನಿಂದರಸ್ಬೇಕು. ಫೋನ್ ಮಾಡ್ತೇನಿ."

"ಮಾಡಬ್ಯಾಡ. ಜಾಗಾ ಚಲೋ ಐತಿ ಅಂತ ನಿನ್ನೆನ ವರದಿ ಕಳಿಸೇನಿ."

"ಲೆಕ್ಕಾ ಮುಗಿಯೂದಕ್ಕ ಮೊದ್ಲ?"

"ಅವ್ರಿಗೆ ಅವಸರ ಇತ್ತು. ಈಗ ತಿರುಗಿ ಹೇಳಿದ್ರ ನನ್ನ ಹೆಸರು ಮಣ್ಣಾಗತೈತಿ."

"ಹಡಗಿನ್ಯಾಗ ಮಂದಿ ಅದಾರಲೇ!"

ಅವಳು ಫೋನಿಗೆ ಕೈಹಾಕಿದಳು. ಅವನು ಕಸಿದು ಗೋಡೆಗೆ ಅಪ್ಪಳಿಸಿದ. ಅವಳು ಲ್ಯಾಪ್‌ಟಾಪಿನತ್ತ ತಿರುಗಿದರೆ, ಅದರ ಮುಚ್ಚಳವನ್ನು ಅವಳ ಬೆರಳುಗಳ ಮೇಲೆ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಿದ. ಮೂಳೆ ಮುರಿದದ್ದು ಅವಳಿಗೇ ಕೇಳಿಸಿತು. ಜಡೆ ಹಿಡಿದು ಹಣೆಯನ್ನು ಮೇಜಿನ ಅಂಚಿಗೆ ಬಡಿದ.

"ನಮ್ಮ ಮಾಳಗಿ ಮ್ಯಾಲ ನಿನಗ ಜಾಗಾ ಕೊಟ್ಟಿದ್ದ ತಪ್ಪಾತು!"

ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಎಡಗೈಗೆ ಸಿಕ್ಕ ಸ್ಟೀಲ್ ಬಾಟಲಿಯಿಂದ ಅವನ ಕಿವಿಯ ಮೇಲೆ ಬಾರಿಸಿ ಮೆಟ್ಟಿಲಿಳಿದು ಓಡಿದಳು.

"ಕಾಕಾ, ಫೋನ್ ಕೊಡ್ರಿ!"

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿದ್ದ ಶಂಕ್ರೆಪ್ಪ ಎದ್ದು ನಿಂತ. ಹಿಂದೆಯೇ ಸಂಗು ಬಂದ. ಬಟ್ಟೆ ಕತ್ತರಿಸುವ ಕತ್ತರಿ ಎತ್ತಿಕೊಂಡು ಅವಳ ಮೇಲೆ ಬಿದ್ದ. ಮುದುಕ ಅಡ್ಡ ಬಂದ. ಕತ್ತರಿ ಅವನ ಮುಂಗೈ ಸೀಳಿತು. ಬಿಳಿ ಅಂಗಿ ತೊಯ್ಯುತ್ತಿದ್ದರೂ ಅವನು ಇನ್ನೊಂದು ಕೈಯಿಂದ ಫೋನ್ ಚಾಚಿದ.

"ಮಾತಾಡವ್ವಾ. ಇವನ್ನ ನಾ ಹಿಡಿತೇನಿ."

ಹಡಗಿನ ಮುಖ್ಯಸ್ಥ ರಾಜರತ್ನನ ನಂಬರು ಅವಳಿಗೆ ಬಾಯಿಪಾಠವಿತ್ತು. ಕೊರೆತ ನಿಂತಿತು. ಆಮೇಲೆ ಇಳಿಸಿದ ಸಣ್ಣ ಪರೀಕ್ಷಾ ಕೊಳವೆಯಿಂದಲೇ ಅನಿಲ ಎಷ್ಟು ರಭಸದಿಂದ ಎದ್ದಿತೆಂದರೆ ಹಡಗನ್ನೇ ದೂರ ಸರಿಸಬೇಕಾಯಿತು.

ಪೊಲೀಸರ ಮುಂದೆ ಮಗನ ವಿರುದ್ಧ ಹೇಳಿಕೆ ಕೊಟ್ಟವನು ಶಂಕ್ರೆಪ್ಪನೇ. ಆಮ್ರಪಾಲಿಯ ಎರಡು ಬೆರಳು ಮಡಚುವುದಿಲ್ಲ. ಇಬ್ರಾಹಿಂಪುರದ ತನ್ನ ಮನೆಯಲ್ಲೇ ಕೆಲಸ ಶುರುಮಾಡಿದ ಅವಳನ್ನು ನೋಡಲು ಶಂಕ್ರೆಪ್ಪ ಒಮ್ಮೆ ಬಂದ.

"ಸಂಗುನ್ನ ಜೈಲಿನ್ಯಾಗ ನೋಡಿದ್ರೇನ್ರಿ, ಕಾಕಾ?"

"ನೋಡಿದ್ನೆವ್ವಾ," ಎಂದ ಶಂಕ್ರೆಪ್ಪ. "ಮಾರಿ ಎತ್ತಲಿಲ್ಲ. ನಾನೂ ಕರೀಲಿಲ್ಲ."